ಶೀರ್ಷಾಸನ ಹಾಕಿದ ಸುಣ್ಣಕಲ್ಲು

ಹೆಣ್ಣು ಕೊಟ್ಟ ಮಾವನೇ ಕೆಲಸವನ್ನೂ ಕೊಡಿಸಿದರೆ ಅಳಿಯನ ಬಾಯಿಗೆ ಎರಡು ಬೀಗ. ತೈಲ ಕಂಪನಿಯ ಕಲ್ಲು ಪರೀಕ್ಷಿಸುವ ಕೋಣೆಗೆ ಅಳಿಯ ಆ ಎರಡನ್ನೂ ಹಾಕಿಕೊಂಡೇ ಬರುತ್ತಿದ್ದ.

ಪಾತಾಳದಿಂದ ಕೊರೆದು ತಂದ ಸುಣ್ಣಕಲ್ಲಿನ ಉರುಳೆಗಳು ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿದ್ದವು. ಪ್ರತಿಯೊಂದರ ಮೈಮೇಲೆ ಒಂದು ಕೆಂಪು ಗೆರೆ, ಪಕ್ಕಕ್ಕೆ ಒಂದು ಕಪ್ಪು ಗೆರೆ. ಕೆಂಪು ಬಲಕ್ಕಿದ್ದರೆ ಕಲ್ಲಿನ ತಲೆ ಮೇಲಿದೆ ಎಂದರ್ಥ. ಗೆರೆ ಎಳೆದವರು ಮುಖ್ಯ ಭೂವಿಜ್ಞಾನಿ, ಅಂದರೆ ಸಾಕ್ಷಾತ್ ಮಾವ.

"ಎಣ್ಣೆ ಕುಡಿದ ತೂತುಕಲ್ಲು ಕೆಳಗಿದೆ. ಮಧ್ಯಾಹ್ನ ಬಾವಿ ಕೊಳವೆಗೆ ಅಲ್ಲೇ ತೂತು ಹೊಡೀತಾರೆ. ನೀನು ಸಹಿ ಹಾಕು, ಸಾಕು," ಎಂದರು ಮಾವ.

ಎಣ್ಣೆ ಬರದಿದ್ದರೆ ಬಾವಿ ಮುಚ್ಚುತ್ತಾರೆ. ಸಹಿ ಹಾಕಿದವನ ನೌಕರಿಯನ್ನೂ ಮುಚ್ಚುತ್ತಾರೆ.

ಅಳಿಯ ಕಲ್ಲನ್ನು ನೆಕ್ಕಿದ. ಈ ಕಸುಬಿನವರ ಚಾಳಿಯೇ ಅದು. ಒದ್ದೆಯಾದರೆ ಕಲ್ಲು ಬಾಯಿ ಬಿಡುತ್ತದೆ. ಓಬಿರಾಯನಿಗಿಂತ ಹಳೆಯ ಚಿಪ್ಪುಗಳು ಕಂಡವು. ಒಳಗೆ ಅರ್ಧ ಹರಳು, ಅರ್ಧ ಕೆಸರು. ಕೆಂಪು ಗೆರೆ ಬಲಕ್ಕೆ ಬರುವಂತೆ ಹಿಡಿದರೆ ಕೆಸರೆಲ್ಲ ಚಿಪ್ಪಿನ ಛಾವಣಿಗೆ ಅಂಟಿತ್ತು.

"ಮಾವ, ಲೋಟದಲ್ಲಿ ಗಸಿ ಎಲ್ಲಿ ಕೂರುತ್ತೆ?"

"ತಳದಲ್ಲಿ. ಏನೀಗ?"

"ಇಲ್ಲಿ ಫ್ಯಾನಿಗೆ ನೇತಾಡ್ತಿದೆ. ಕಲ್ಲು ಶೀರ್ಷಾಸನ ಹಾಕಿದೆ. ಎಣ್ಣೆ ಇರೋದು ಮೇಲೆ. ನೀವು ಹೇಳಿದ ಕಡೆ ಹೊಡೆದ್ರೆ ತೇಗು ಕೂಡ ಬರಲ್ಲ."

"ನೀನು ಹುಟ್ಟೋಕೆ ಮುಂಚೆ ಗೆರೆ ಎಳೆದವನು ನಾನು."

ಅಳಿಯ ಎರಡು ಪೆನ್ನುಗಳ ಮುಚ್ಚಳ ತೆಗೆದು ಮುಂದೆ ಹಿಡಿದ. "ಕೆಂಪು ಯಾವುದು?"

ಮಾವ ಪೆನ್ನು ನೋಡಿದರು, ಬಾಗಿಲು ನೋಡಿದರು, ಕೊನೆಗೆ ಕಪ್ಪನ್ನು ಮುಟ್ಟಿದರು. ಮದುವೆಯಲ್ಲಿ ಅವರು ಒಂದು ಕಾಲಿಗೆ ಕೆಂಪು, ಇನ್ನೊಂದಕ್ಕೆ ಕಪ್ಪು ಕಾಲುಚೀಲ ಹಾಕಿದ್ದು ಫ್ಯಾಷನ್ ಅಲ್ಲವೆಂದು ಅಳಿಯನಿಗೆ ಈಗ ಹೊಳೆಯಿತು.

"ನಿಮ್ಮತ್ತೆ ಕೆಂಪು ಪೆನ್ನಿಗೆ ದಾರ ಸುತ್ತಿ ಕೊಡ್ತಿದ್ಳು ಕಣೋ," ಮಾವನ ದನಿ ನೆಲಕ್ಕಿಳಿಯಿತು. "ಈ ಸಲ ಜಗಳ ಆಗಿ ಮಾತು ಬಿಟ್ಟಿದ್ದಾಳೆ. ಯಾರಿಗೂ ಹೇಳ್ಬೇಡ."

"ಹೇಳಲ್ಲ. ಫೋನ್ ಮಾಡಿ, ಮೇಲಕ್ಕೆ ಹೊಡೀರಿ ಅನ್ನಿ."

ಮಾವ ಎದೆ ಉಬ್ಬಿಸಿ ಫೋನ್ ಎತ್ತಿದರು. "ಜಾಗ ಬದಲಾಗಿದೆ, ಮೇಲಿನ ಕಲ್ಲಿಗೆ ಹೊಡೀರಿ. ಕಾರಣ ಕೇಳ್ಬೇಡಿ. ಕಲ್ಲಿನ ಮಾತು ನಾನು ಕೇಳ್ತೀನಿ, ನನ್ನ ಮಾತು ನೀವು ಕೇಳಿ."

ಅಳಿಯ ಮನಸ್ಸಿನಲ್ಲೇ ಸಿಳ್ಳೆ ಹೊಡೆದು, ಸಹಿ ಹಾಕಿದ. "ಇನ್ನೊಂದು ಫೋನ್ ಬಾಕಿ ಇದೆ, ಮಾವ. ನಾಳೆ ಪಕ್ಕದ ಬಾವಿ ಕಲ್ಲು ಬರುತ್ತೆ."

ಮಾವ ಮತ್ತೆ ಫೋನ್ ಎತ್ತಿದರು. ಈ ಸಲ ಎದೆ ಉಬ್ಬಲಿಲ್ಲ.

"ಏನೇ... ಊಟ ಆಯ್ತಾ? ಇಲ್ಲ, ಸುಮ್ನೆ ಕೇಳ್ದೆ. ಆ ದಾರ ಎಲ್ಲಿಟ್ಟಿದ್ದೀಯ?"