ಮುಟ್ಟಬಾರದ ಸಾಲು

"ಆ ಸಾಲು ಮುಟ್ಟಬ್ಯಾಡ್ರಿ ಮೇಡಂ," ಎಂದರು ಅನೀಲಕುಮಾರ. "ಅದನ್ನ ತೆಗೆದರ ಮಂಠಾಳ ಊರಿನ ಹಾಲಿನ ಬಿಲ್ ಬರಂಗಿಲ್ಲ."

ವಿಶಾಖಾ ಕೀಬೋರ್ಡಿನಿಂದ ಕೈ ತೆಗೆದು, ಯಾಕೆ ಎಂದು ಕೇಳಿದಳು.

"ಯಾಕ ಅನ್ನೂದು ನನಗೂ ಈಗ ನೆನಪಿಲ್ರಿ."

ಹುಮನಾಬಾದಿನ ಆ ಖಾಸಗಿ ಡೇರಿಯ ವ್ಯವಹಾರವೆಲ್ಲ ಅನೀಲಕುಮಾರ ಬರೆದ ಸಾಫ್ಟ್‌ವೇರಿನ ಮೇಲೆ ನಡೆಯುತ್ತಿತ್ತು. ಹರೆಯದಲ್ಲಿ ಒಬ್ಬರೇ ಬರೆದಿದ್ದರು. ಆಮೇಲೆ ಹೊಸ ಊರುಗಳ ಹಾಲು ಸೇರಿಕೊಂಡಂತೆಲ್ಲ ಒಬ್ಬರೇ ತೇಪೆ ಹಾಕುತ್ತ ಬಂದಿದ್ದರು. ಇದನ್ನು ಉಳಿಸಿಕೊಳ್ಳಬಹುದೇ, ಬಿಟ್ಟು ಹೊಸದು ಮಾಡಿಸಬೇಕೇ ಎಂದು ನೋಡಿ ಹೇಳಲು ಮ್ಯಾನೇಜರ್ ಶಂಕರಲಿಂಗ ಕಲಬುರಗಿಯ ಕಂಪನಿಯೊಂದರಿಂದ ವಿಶಾಖಾಳನ್ನು ಕರೆಸಿದ್ದ.

ತಮ್ಮ ಕೆಲಸವನ್ನು ಅಳೆಯಲು ಬಂದವಳ ಮೇಲೆ ಅವರು ಮುನಿಸಿಕೊಂಡಾರು ಎಂದು ಅವಳು ಅಂದುಕೊಂಡಿದ್ದಳು. ಅವರೋ ದಿನವೂ ಬಸವಕಲ್ಯಾಣದಿಂದ ಮೊದಲ ಬಸ್ಸಿಗೇ ಬಂದು, ಅವಳ ಕುರ್ಚಿ ಒರೆಸಿಟ್ಟು ಕಾಯುತ್ತಿದ್ದರು. ಎಮ್ಮೆ ಹಾಲಿಗೂ ಆಕಳ ಹಾಲಿಗೂ ದರ ಬೇರೆಯಾದಾಗ ಏನು ಮಾಡಿದರು, ಕರೆಂಟು ಹೋದರೂ ಬೆಳಗಿನ ಅಳತೆ ಅಳಿಸಿಹೋಗದಂತೆ ಹೇಗೆ ಹಿಡಿದಿಟ್ಟರು ಎಂದು ಹೇಳುತ್ತ ಹೋದರೆ ಇಬ್ಬರ ಚಹಾವೂ ಆರಿಹೋಗುತ್ತಿತ್ತು. ಡೇರಿಯಲ್ಲಿ ಆ ಮಾತು ತಿಳಿಯುವವರು ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಯಾವ ಮಾತಿಗೂ ಕಿವಿಯಿರಲಿಲ್ಲ. ಮಗಳು ಕಾಜಲ ಸೊಲ್ಲಾಪುರದಲ್ಲಿದ್ದಳು. ತಾವಿಲ್ಲದಾಗ ಬಿಲ್ ನಿಂತುಬಿಟ್ಟರೆ ಎಂಬ ಅಂಜಿಕೆಗೆ ಅವರು ಅಲ್ಲಿ ಒಂದು ರಾತ್ರಿಯೂ ಉಳಿದವರಲ್ಲ.

ಅವರು ಬರೆದ ಕೋಡನ್ನೆಲ್ಲ ಓದಿ ಮುಗಿಸಿದಾಗ ವಿಶಾಖಾಳಿಗೆ ಅನುಮಾನ ಉಳಿದಿರಲಿಲ್ಲ. ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಈ ಒಬ್ಬ ಮನುಷ್ಯ ಜ್ವರ ಬಂದು ಮಲಗಿದರೆ ಎಷ್ಟೋ ಊರುಗಳ ಬಿಲ್ ನಿಲ್ಲುತ್ತಿತ್ತು. ವರದಿ ಕಳಿಸುವ ಮೊದಲು ಅವರಿಗೇ ಹೇಳಬೇಕೆನಿಸಿ, ಇದನ್ನು ಕೈಬಿಡಬೇಕೆಂದು ಬರೆಯುತ್ತಿರುವುದಾಗಿ ಹೇಳಿದಳು.

ಅವರು ಕುರ್ಚಿಯನ್ನು ಪರದೆಯಿಂದ ಹಿಂದಕ್ಕೆ ಸರಿಸಿಕೊಂಡರು.

"ಬರೀರಿ. ಕಾಜಲ ಬಾ ಬಾ ಅಂತ ಕರಿಯಾಕತ್ತಾಳ," ಎಂದರು. ಆಮೇಲೆ ದನಿ ತಗ್ಗಿಸಿ, "ಪೂರಾ ಓದಿದವರು ನೀವೊಬ್ಬರೇ ನೋಡ್ರಿ. ಹ್ಯಾಂಗಿತ್ತು?"

ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕೆಲವು ಕಡೆ ಅಂಜಿಕಿ ಬಂತ್ರಿ ಸರ್. ಕರೆಂಟ್ ಹೋದಾಗಿಂದು ಬರದೀರಲ್ಲ, ಅದನ್ನ ಮಾತ್ರ ಮತ್ತೊಮ್ಮೆ ಓದೀನ್ರಿ. ಚಂದ ಅದ."

ಅನೀಲಕುಮಾರ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕುಳಿತರು.

ಹೊಸದನ್ನು ಕಟ್ಟುವ ಕೆಲಸ ಹೈದರಾಬಾದಿನ ತಂಡವೊಂದಕ್ಕೆ ಹೋಯಿತು. ಹಳೆಯದನ್ನು ಅವರಿಗೆ ವಿವರಿಸಿ ಮುಗಿಸುವ ತನಕ ಅನೀಲಕುಮಾರ ಇರಲಿ ಎಂದು ಶಂಕರಲಿಂಗ ಹೇಳಿದ. ಮೊದಲ ವಿಡಿಯೊ ಕಾಲ್‌ಗೆ ವಿಶಾಖಾಳನ್ನೂ ಸೇರಿಸಿಕೊಂಡಿದ್ದರು. ಕಲಬುರಗಿಯ ಬಾಡಿಗೆ ಕೋಣೆಯಲ್ಲಿ ಕೂತು ಅವಳು ನೋಡಿದಳು: ಅನೀಲಕುಮಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಕುಳಿತಿದ್ದರು. ಉಳಿದವರೆಲ್ಲ ಕ್ಯಾಮೆರಾ ಮುಚ್ಚಿ, ಹೆಸರು ಬರೆದ ಕಪ್ಪು ಚೌಕಗಳಾಗಿದ್ದರು. ಅನೀಲಕುಮಾರ ಸ್ವಲ್ಪ ಹೇಳುವುದು, ತಡೆಯುವುದು, ಮತ್ತೆ ಹೇಳುವುದು ನಡೆದಿತ್ತು.

"ಕೇಳಸಾಕತ್ತದೇನ್ರಿ?" ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ.

ವಿಶಾಖಾ ಮನೆಯ ಬಟ್ಟೆಯಲ್ಲಿದ್ದಳು. ಬೆನ್ನ ಹಿಂದೆ ಹಗ್ಗದ ಮೇಲೆ ಒಗೆದ ಬಟ್ಟೆಗಳು ನೇತಾಡುತ್ತಿದ್ದವು. ಹಾಗೆಯೇ ಕ್ಯಾಮೆರಾ ತೆರೆದಳು.

ಅನೀಲಕುಮಾರ ಪರದೆಯತ್ತ ಬಾಗಿ ನೋಡಿದರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಮತ್ತೆ ಮೊದಲಿನಿಂದ ಹೇಳತೊಡಗಿದರು.