ನಾಲ್ಕು ತುಂಡಿನ ಅತ್ತೆ, ಎಂಟು ತುಂಡಿನ ಸೊಸೆ

ಒಂದು ಬ್ರೆಡ್ಡನ್ನು ಎಷ್ಟು ತುಂಡು ಮಾಡಬೇಕು ಎನ್ನುವುದೇ ನಮ್ಮ ಮನೆಯ ಹಳೇ ಜಗಳ. ನಾನು ಟೋಕಿಯೊ ಕಡೆಯವಳು, ನಮಗೆ ಎಂಟು. ಗಂಡ ತೆತ್ಸುರೊ ಮತ್ತು ಅತ್ತೆ ಒಸಾಕಾದವರು, ಅವರಿಗೆ ನಾಲ್ಕು. ಒಂದೊಂದೂ ದಿಂಬಿನಷ್ಟು ದಪ್ಪ. ನಾವಿರುವುದು ಚಾಕುಗಳಿಗೆ ಹೆಸರಾದ ಸೆಕಿ ಊರಿನಲ್ಲಿ. ಇಲ್ಲಿನ ಚಾಕು ಕಾರ್ಖಾನೆಯಲ್ಲಿ ಬ್ರೆಡ್ಡಿನ ಚಾಕುಗಳಿಗೆ ಅಲೆಯಲೆಯಾಗಿ ಹಲ್ಲು ಮಸೆಯುವುದೇ ನನ್ನ ಕೆಲಸ. ಮನೆಯಲ್ಲಿರುವುದೂ ನಾನೇ ಮಸೆದ ಸ್ಟೀಲಿನ ಚಾಕು.

ಅವತ್ತು ಮಗಳು ಕೊಹರುವಿಗೆ ಶಾಲೆಯ ಪ್ರವಾಸ. ಗೆಳತಿ ಸುಮಿಕಾ ವಾರದಿಂದ ಅವಳ ಜೊತೆ ಮಾತು ಬಿಟ್ಟಿದ್ದಳು.

"ಅಮ್ಮಾ, ಬ್ರೆಡ್ಡಿನ ಕಂದು ಅಂಚೆಲ್ಲ ತೆಗೆದು ತೆಳ್ಳಗೆ ಮೊಟ್ಟೆ ಸ್ಯಾಂಡ್‌ವಿಚ್ ಮಾಡ್ಕೊಡು. ಸುಮಿಕಾಗೆ ಅದಂದ್ರೆ ಪ್ರಾಣ. ಅರ್ಧ ಕೊಟ್ರೆ ಮಾತಾಡೇ ಆಡ್ತಾಳೆ!"

ಬೆಳಿಗ್ಗೆ ಮೊಟ್ಟೆ ಹಿಸುಕಿ ಮಯೋನೀಸ್ ಬೆರೆಸಿ ತಿರುಗಿ ನೋಡುತ್ತೇನೆ, ಅತ್ತೆಯ ಕೈಯಲ್ಲಿ ನನ್ನ ಚಾಕು! ಬ್ರೆಡ್ಡು ನಾಲ್ಕು ದಿಂಬಾಗಿದೆ. ಮೂರಕ್ಕೆ ಆಗಲೇ ಬೆಣ್ಣೆ ಬಿದ್ದಿದೆ.

"ಅತ್ತೇ, ಅದು ಪ್ರವಾಸದ ಬ್ರೆಡ್ಡು!"

"ನಂಗೇನು ಕನಸು ಬಿದ್ದಿತ್ತಾ? ಅದರ ಮೇಲೆ ಬರೆದಿದ್ಯಾ?"

ಕೊಹರು ಗಡಿಯಾರ ನೋಡಿದಳು. "ಬಸ್ಸಿಗೆ ಇಪ್ಪತ್ತೇ ನಿಮಿಷ."

ಬೇಕರಿ ತೆರೆಯುವುದು ಒಂಬತ್ತಕ್ಕೆ. ಉಳಿದ ಒಂದೇ ದಿಂಬನ್ನು ಹಲಗೆಯ ಮೇಲೆ ಮಲಗಿಸಿದೆ. "ಇದನ್ನೇ ಅಡ್ಡಡ್ಡ ಸೀಳಿ ನಾಲ್ಕು ಮಾಡ್ತೀನಿ."

"ಕೈ ಹೋಗುತ್ತೆ ಕಣೇ!" ಎಂದರು ಅತ್ತೆ.

"ನಾಲ್ಕಾದ್ರೆ ಒಂದ್ವಾರ ಪಾತ್ರೆ ತೊಳೆಯೋದು ನಂದು," ಎಂದ ಗಂಡ, ಬಾಯ್ತುಂಬ ಬ್ರೆಡ್ಡಿಟ್ಟುಕೊಂಡು.

ಮೇಲೆ ಅಂಗೈ ಇಟ್ಟೆ. ಒತ್ತಲಿಲ್ಲ, ಉದ್ದಕ್ಕೆ ಎಳೆದೆ, ತಳ್ಳಿದೆ. ಮೊದಲ ಹೋಳು ಕರವಸ್ತ್ರದ ಹಾಗೆ ಬಿಡಿಸಿಕೊಂಡು ಬಂತು. ಎರಡನೆಯದೂ ಬಂತು!

"ಬಂತು, ಬಂತು, ಬಂತು!" ಅತ್ತೆ ಸೌಟು ಹಿಡಿದು ಕುಣಿಯತೊಡಗಿದರು. ನನಗೆ ನಗು ತಡೆಯಲಾಗದೆ ಕೊನೆಯ ಸೀಳು ಓರೆಯಾಯಿತು. ಉಳಿದೆರಡು ಹೋಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದ. ಅವಸರದಲ್ಲಿ ಎರಡರ ದಪ್ಪವನ್ನೂ ಒಂದೇ ಕಡೆಗಿಟ್ಟು ಮೊಟ್ಟೆ ತುಂಬಿಬಿಟ್ಟೆ.

"ಅಮ್ಮಾ, ಇದು ಜಾರುಬಂಡೆ! ಇದನ್ನ ಹೆಂಗೆ ಕೊಡ್ಲಿ ಅವಳಿಗೆ?"

ಅಂಚು ಕತ್ತರಿಸಿ, ಪುಟ್ಟ ಟೊಮ್ಯಾಟೊಗಳ ಜೊತೆ ಡಬ್ಬಿಗೆ ಹಾಕಿ, ಮಗಳನ್ನು ಓಡಿಸಿದೆ. ಕಾರ್ಖಾನೆಯಲ್ಲಿ ದಿನವಿಡೀ ಮಸೆದ ಚಾಕುಗಳಲ್ಲೆಲ್ಲ ಕಂಡಿದ್ದು ಅವಳದೇ ಮುಖ.

ಸಂಜೆ ಬಾಗಿಲು ತೆರೆದರೆ ಒಂದಲ್ಲ, ಎರಡು ಜೊತೆ ಪುಟ್ಟ ಬೂಟು. ಒಳಗೆ ಕಿಸಿಕಿಸಿ ನಗು.

"ಆಂಟಿ, ಮುಚ್ಚಳ ತೆಗೆದ ತಕ್ಷಣ ನಂಗೆ ನಗು ಬಂದ್ಬಿಡ್ತು!" ಎಂದಳು ಸುಮಿಕಾ. "ಪುಟ್ಟ ಟೊಮ್ಯಾಟೊನೆಲ್ಲ ಅದರ ಮೇಲಿಂದ ಜಾರಿಸಿ ಬಾಯಿಗೆ ಹಾಕ್ಕೊಂಡ್ವಿ. ಕ್ಲಾಸಲ್ಲಿ ಎಲ್ಲರಿಗೂ ಈಗ ಜಾರುಬಂಡೆನೇ ಬೇಕಂತೆ!"

ಅತ್ತೆ ಎದೆ ಉಬ್ಬಿಸಿದರು. "ನಾನು ದಪ್ಪ ಹೆಚ್ಚಿದ್ದಕ್ಕೇ ಅಲ್ವಾ ಆಗಿದ್ದು? ಇನ್ಮೇಲೆ ಬ್ರೆಡ್ಡಿಗೆ ಮೂರೇ ತುಂಡು!"

"ಬೇಡಮ್ಮಾ!" ಮೊಣಕೈವರೆಗೆ ನೊರೆ ಮೆತ್ತಿಕೊಂಡಿದ್ದ ತೆತ್ಸುರೊ ಪಾತ್ರೆ ತೊಳೆಯುತ್ತಲೇ ಕೂಗಿದ. "ಇವಳು ಅದನ್ನೂ ಸೀಳ್ತಾಳೆ!"