ಒಗೆಯದ ಕೆಂಪು ಹೊದಿಕೆ

"ಅದ್ನೂ ಆ ಹೇನುಮುಂಡೇರ ಜೊತೆ ಅಡುಗೆಮನೇಲೇ ಬಿಸಾಕ್ರೋ!"

ಒಡತಿ ಹೀಗೆ ಕೂಗಿದ್ದು ಗಂಡನ ಮೊದಲ ಹೆಂಡತಿಯ ಮಗಳ ಬಗ್ಗೆ. ಆ ಮಗಳು ಎಲ್ವಿರಾಗೆ ಆಗ ಆರು ವರ್ಷ. ಒಲೆಯ ಬೂದಿ ಬಾಚುತ್ತಿದ್ದ ನಮ್ಮವ್ವ ನಸಾರಿಯಾ ಎದ್ದು, ಕೂಸನ್ನು ತನ್ನ ಕುರಿದೊಗಲಿನ ಮೇಲೆ ಕೂರಿಸಿಕೊಂಡಳು. ಅಂದಿನಿಂದ ಆ ಬಿಳಿ ಕೂಸು ಅವ್ವನ ಕೆಂಪು ಹೊದಿಕೆಯೊಳಗೇ ಮಲಗಿತು, ಬೆಟ್ಟದ ಜನರಾದ ನಮ್ಮ ಕೆಚುವಾ ಮಾತನ್ನೇ ಆಡಿತು, ನಮ್ಮ ಹಾಡಿಗೇ ಅತ್ತಿತು. ನನ್ನ ಬೆಚ್ಚನೆಯ ಜಾಗ ಅವಳ ಪಾಲಾಯಿತು. ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ?

ನಾಲ್ಕನೇ ವರ್ಷ, ಒಡೆಯನ ಆಲೂಗಡ್ಡೆ ಮೂಟೆ ಹೊತ್ತು ಬೆಟ್ಟ ಹತ್ತುವಾಗ ಅವ್ವ ರಕ್ತ ಕಾರಿ ಸತ್ತಳು. ಸತ್ತವರ ಬಟ್ಟೆಯನ್ನು ಐದನೆಯ ದಿನ ಹೊಳೆಯಲ್ಲಿ ಒಗೆಯಬೇಕು. ಒಗೆಯದಿದ್ದರೆ ಜೀವ ಹೊರಡುವುದಿಲ್ಲ, ಇಲ್ಲೇ ಅಲೆಯುತ್ತದೆ. ಬಟ್ಟೆ ಹಿಡಿದು ಹೊರಟ ನನ್ನನ್ನು ಒಡೆಯ ಅಂಗಳದಲ್ಲೇ ತಡೆದ.

"ಗೆಡ್ಡೆ ಅಗೆಯೋದು ಬಿಟ್ಟು ಬಟ್ಟೆ ಒಗಿಯಾಕ್ ಹೊಂಟ್ಯೇನೇ? ಸತ್ಮೇಲೂ ಕೆಲ್ಸ ಕೆಡಿಸ್ತಾಳಲ್ಲ ನಿಮ್ಮವ್ವ, ಮುಂಡೆ!"

ಸಂಜೆ ಕದ್ದು ಹೋಗಿ ಒಗೆದೆ. ಹೊದಿಕೆ ಮಾತ್ರ ಸಿಗಲಿಲ್ಲ. ಒಡತಿ ಸುಟ್ಟಿರಬೇಕು ಅಂದುಕೊಂಡೆ. ಅದೇ ವಾರ ಎಲ್ವಿರಾಳನ್ನು ಪಟ್ಟಣದ ಶಾಲೆಗೆ ಸಾಗಿಸಿದರು.

ಮೂವತ್ತು ವರ್ಷದ ಮೇಲೆ ಬಂದಳು. ಕನ್ನಡಕ, ನರೆಗೂದಲು, ಕೈಯಲ್ಲೊಂದು ಪುಸ್ತಕ. ದೊಡ್ಡಮನೆಯ ಮೆಟ್ಟಿಲು ಹತ್ತದೆ ನೇರ ನನ್ನ ಒಲೆಯ ಮುಂದೆ ಕೂತಳು.

"ಹಸಿಂತಕ್ಕಾ, ನಾನೇ ಬರ್ದಿದ್ದು, ಇದ್ರಾಗೆ ಇರೋದೆಲ್ಲ ನಮ್ಮವ್ವಾನೇ. ಲಿಮಾ ಪಟ್ಣದಾಗೆ ಓದಿದೋರೆಲ್ಲ ಅತ್ರು ಕಣಕ್ಕ."

"ಇಲ್ಲಿ ಅಳ್ತಿದ್ದಾಗ ಯಾರೂ ಓದ್ಲಿಲ್ವಲ್ಲ ತಾಯಿ."

ಅವಳು ಚೀಲದಿಂದ ಇನ್ನೇನೋ ತೆಗೆದಳು. ಕೆಂಪು ಹೊದಿಕೆ!

"ಒಗುದ್ರೆ ಅವ್ವ ಹೊಂಟೋಯ್ತಾಳೆ ಅಂತ ಅವತ್ತು ಬಚ್ಚಿಟ್ಕಂಡೆ. ಈ ಹೊಗೆ ವಾಸ್ನೆ ಮೂಸಿ ಮೂಸಿ ಬರೆದೆ ಅಕ್ಕ."



"ಅಯ್ಯೋ ಪಾಪಿ! ಬದುಕಿದ್ದಾಗ ನಿಮ್ಮಪ್ಪ ದುಡಿಸ್ಕಂಡ. ಸತ್ಮೇಲೆ ನೀನು ದುಡಿಸ್ಕಂಡ್ಯಲ್ಲೇ, ಮೂವತ್ತೊರ್ಸ!"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವಳೂ ಅವ್ವ ಸಾಕಿದ ಮಗಳೇ, ಅದೇ ನನ್ನ ಸಂಕಟ.

ಹೊದಿಕೆ ಎತ್ತಿಕೊಂಡು ಎದ್ದೆ. ಅಂಗಳದಲ್ಲಿ ಒಡತಿಯ ಮಗ, ಈಗಿನ ಒಡೆಯ, ಕುದುರೆ ಅಡ್ಡ ನಿಲ್ಲಿಸಿದ.

"ಕೆಲ್ಸ ಬಿಟ್ಟು ಎಲ್ಲಿಗ್ ಹೊಂಟ್ಯೇ, ಮುದುಕಿ?"

"ನಮ್ಮವ್ವನ್ನ ಕಳ್ಸಾಕೆ," ಎಂದೆ. ನಿಲ್ಲಲಿಲ್ಲ. ಬೆನ್ನಿಗೆ ಚಾಟಿಯ ಒಂದೇಟು ಬಿತ್ತು. ಆಗಲೂ ನಿಲ್ಲಲಿಲ್ಲ. ಎಲ್ವಿರಾ ಹಿಂದೆಯೇ ಬಂದಳು.

ಹೊಳೆ ಮಂಜಿನಂತೆ ಕೊರೆಯುತ್ತಿತ್ತು. ಒಂದು ತುದಿ ಅವಳು ಹಿಡಿದಳು, ಒಂದು ನಾನು. ಮುಳುಗಿಸುವ ಮುಂಚೆ ಅವಳು ಹೊದಿಕೆಯಲ್ಲಿ ಮುಖ ಹುದುಗಿಸಿದಳು. ಆಗಲಿ ಎಂದು ಕಾದೆ. ಆಮೇಲೆ ಎಳೆದೆ.

"ಬಿಡು ತಾಯಿ. ಹೋಗ್ಲಿ ಅವ್ವ."

ನೀರಿನೊಳಗೆ ಅವಳ ಬೆರಳು ನೀಲಿಗಟ್ಟಿದ್ದವು. ಆದರೂ ಅವಳು ಹೊದಿಕೆಯ ತುದಿ ಬಿಡಲಿಲ್ಲ.